ನನಗಿಂತ ಮೊದಲು ಊರಿಗೆ ಸೇರಿದ ಜೇಡ

ಕಳೆದ ನವೆಂಬರ್ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ, ಕೋಲಾರ ತಾಲ್ಲೂಕಿನ ವಕ್ಕಲೇರಿಯಲ್ಲಿ ಮುನಿರತ್ನಮ್ಮ ಎಂಬವರ ಮನೆಯ ಬಾಡಿಗೆ ಭಾಗಕ್ಕೆ ನಾನು ಮತ್ತು ನನ್ನ ಹೆಂಡತಿ ಸವಿತಾ ಸಾಮಾನು ಇಳಿಸಿದೆವು. ಟೆಂಪೋದಿಂದ ಕೊನೆಗೆ ಇಳಿದದ್ದು ಟವೆಲ್ ಹೊದಿಸಿದ ಒಂದು ಗಾಜಿನ ಪೆಟ್ಟಿಗೆ. ಗಾಳಿಗೆ ಟವೆಲ್ ಜಾರಿತು. ಒಳಗಿದ್ದದ್ದು ಅಂಗೈಯಗಲದ, ಮೈತುಂಬ ಕಂದು ಕೂದಲಿನ ಟರಂಟುಲಾ ಜೇಡ. ಮುನಿರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ನೋಡಿದರು.

"ಇದು ಎಷ್ಟನೇ ಜ್ವರದಲ್ಲೈತೆ ಸಾರ್?" ಎಂದು ಕೇಳಿದರು.

ಚೀರಾಟಕ್ಕೆ ನಾನು ಸಿದ್ಧನಾಗಿದ್ದೆ. 'ಇವತ್ತೇ ಖಾಲಿ ಮಾಡಿ' ಎಂಬ ಮಾತಿಗೂ ಸಿದ್ಧನಾಗಿದ್ದೆ. ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ.

ನಮ್ಮ ಪತ್ರಿಕೆಯ ವಿಜಯಪುರದ ಓದುಗರಿಗೆ ಇದನ್ನು ವಿವರಿಸಬೇಕು. ಇಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಮನೆಗಳು ಬಹಳ. ಹುಳು ಬೆಳೆಯುವಾಗ ನಾಲ್ಕು ಸಲ ಹಳೆಯ ಚರ್ಮ ಕಳಚುತ್ತದೆ. ಅದಕ್ಕೆ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ಆ ಸ್ಥಿತಿಗೆ ಇಲ್ಲಿನವರು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಯಾರೂ ಮುಟ್ಟುವುದಿಲ್ಲ. ಎದ್ದ ಮೇಲೆ ಅದರ ಹಸಿವು ದೊಡ್ಡದು. ಸೊಪ್ಪು ತಡವಾಗಬಾರದು. ಮುನಿರತ್ನಮ್ಮ ಮದುವೆಯಾಗಿ ಬಂದಂದಿನಿಂದ ಹಿತ್ತಲ ಹುಳುಮನೆಯಲ್ಲಿ ಇದೇ ಕೆಲಸ ಮಾಡಿದವರು. ಮೈ ಕಳಚುವ ಯಾವುದೇ ಪ್ರಾಣಿ ಅವರ ಲೆಕ್ಕದಲ್ಲಿ ಸಾಕುವ ಪ್ರಾಣಿಯೇ. ಟರಂಟುಲಾ ಕೂಡ ಮೈ ಕಳಚುತ್ತದೆ. ಹಾಗಾಗಿ ಅವರು ಕೇಳಿದ್ದು ಸರಿಯಾದ ಪ್ರಶ್ನೆಯಾಗಿತ್ತು. ಉತ್ತರ ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಎಣಿಸಿರಲಿಲ್ಲ.

ನಾವು ಈ ಕಡೆ ಬಂದದ್ದು ಸವಿತಾಳ ಕೆಲಸಕ್ಕಾಗಿ. ಅವಳಿಗೆ ಮಾಲೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ನಾನು ಕೆಲಸ ಮಾಡುವ ಪತ್ರಿಕೆ ನನ್ನನ್ನು ವಿಜಯಪುರದಿಂದ ಕೋಲಾರದ ವರದಿಗಾರನಾಗಿ ಕಳಿಸಲು ಒಪ್ಪಿತು. ಮೊದಲು ಮಾಲೂರಿನಲ್ಲಿ ಮನೆ ಹುಡುಕಿದೆವು. ಅಲ್ಲಿ ಒಬ್ಬ ಮಾಲೀಕರು ಪೆಟ್ಟಿಗೆಯ ಫೋಟೊ ನೋಡಿ ಮುಂಗಡವನ್ನು ನನ್ನ ಜೇಬಿಗೇ ವಾಪಸ್ ತುರುಕಿದರು. ಕೋಲಾರದಲ್ಲಿ ಇನ್ನೊಬ್ಬರು, "ನಾಯಿ ಇರ್ಲಿ, ಬೆಕ್ಕಿರ್ಲಿ, ಮಾಂಸ ಮಾಡ್ಕಳಿ, ಕೇಳಲ್ಲ. ಇದು ಮಾತ್ರ ಬೇಡ ಕಣ್ರೀ, ನಮ್ಮ ಸೊಸೆ ಬಸುರಿ" ಎಂದರು. ಎರಡೂ ಊರಿನ ನಡುವೆ ಬಸ್ ರಸ್ತೆಯಲ್ಲೇ ವಕ್ಕಲೇರಿ ಇದೆ. ಮುನಿರತ್ನಮ್ಮನವರಿಗೆ ನಾನು ಫೋನಿನಲ್ಲಿ, "ನಮ್ಮ ಕಡೆ ಒಂದು ಹುಳ ಐತ್ರಿ, ಪೆಟಗ್ಯಾಗ ಇರತೈತಿ" ಎಂದಿದ್ದೆ. "ಹುಳಾನಾ? ನಮ್ಮನೇಲಿ ಸಾವ್ರ ಅವೆ, ತನ್ನಿ ಸಾರ್" ಎಂದಿದ್ದರು.

ಈ ಜೇಡದ ಬಗ್ಗೆ ತಿಳಿದಷ್ಟು ಹೇಳುತ್ತೇನೆ. ಇದು ಮಧ್ಯ ಅಮೆರಿಕದ ಜಾತಿ. ಪುಣೆಯ ಸಾಕಣೆಗಾರರೊಬ್ಬರ ಮನೆಯಲ್ಲೇ ಹುಟ್ಟಿದ ಮರಿಯನ್ನು ಕಾಗದಪತ್ರ ಸಹಿತ ತಂದಾಗ ಅದು ಕಡಲೆಕಾಳಿನಷ್ಟಿತ್ತು. ಹೆಣ್ಣು. ಹೆಣ್ಣಾದರೆ ಇಪ್ಪತ್ತು ವರ್ಷ ಬದುಕುವುದುಂಟು. ವಾರಕ್ಕೋ ಎರಡು ವಾರಕ್ಕೋ ಒಂದು ಜಿರಲೆ ಅದರ ಊಟ. ಅದಕ್ಕಾಗಿ ಬೇರೆ ಜಾತಿಯ ಜಿರಲೆಗಳನ್ನು ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಗಜ್ಜರಿ, ಎಂದರೆ ಕ್ಯಾರೆಟ್, ಹಾಕಿ ಸಾಕಬೇಕು. ಮೊಟ್ಟೆಯ ಟ್ರೇಗಳ ಸಂದಿಯಲ್ಲಿ ಅವು ಸಂಸಾರ ಮಾಡುತ್ತವೆ. ಜೇಡ ಎತ್ತಿಕೊಳ್ಳುವ ಪ್ರಾಣಿಯಲ್ಲ. ರೇಗಿದರೆ ಹಿಂಗಾಲಿನಿಂದ ಹೊಟ್ಟೆಯ ಕೂದಲು ಉದುರಿಸುತ್ತದೆ. ಅದು ಚರ್ಮಕ್ಕೆ ತಾಗಿದರೆ ಎರಡು ದಿನ ತುರಿಕೆ. ಸಾಕಿದವರನ್ನು ಗುರುತಿಸುವ ಶಕ್ತಿ ಅದಕ್ಕಿಲ್ಲ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನಂತೂ ಪದೇ ಪದೇ ಮರೆಯುತ್ತೇನೆ.

ವಿಜಯಪುರದಲ್ಲಿ ಅದು ಒಳಕೋಣೆಯ ಅಲಮಾರಿಯಲ್ಲಿತ್ತು. ಬೀಗರಿಗಾಗಲಿ ನೆರೆಯವರಿಗಾಗಲಿ ವಿಷಯ ತಿಳಿಯಬಾರದು ಎಂಬುದು ನನ್ನ ಅವ್ವನ ಷರತ್ತು. ಹಾಗಾಗಿ ಆರು ವರ್ಷ ಅದು ನನ್ನೊಬ್ಬನದಾಗಿತ್ತು. ಬೇಸಿಗೆಯಲ್ಲಿ ನೀರಿನ ತಟ್ಟೆ ಒಣಗದಂತೆ ನೋಡಿಕೊಂಡವನು ನಾನು. ರಾತ್ರಿ ಪಾಳಿ ಮುಗಿಸಿ ಬಂದು ಅದರ ಮುಂದೆ ಚಹಾ ಕುಡಿದವನೂ ನಾನು. ಮದುವೆಯಾಗಿ ಮೂರು ವರ್ಷವಾದರೂ ಸವಿತಾ ಆ ಕೋಣೆಗೆ ಬಂದರೆ ಗೋಡೆ ಹಿಡಿದೇ ನಡೆಯುತ್ತಿದ್ದಳು. ನಾನು ಅದಕ್ಕೆ ಹೆಸರಿಟ್ಟಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಪ್ರಾಣಿಗೆ ಹೆಸರೇಕೆ ಎಂದು ನನ್ನ ವಾದ.

ಮುನಿರತ್ನಮ್ಮ ಒಂದು ವಾರದಲ್ಲಿ ಹೆಸರಿಟ್ಟರು. ಬುಜ್ಜಿ. ತೆಲುಗಿನಲ್ಲಿ ಪುಟ್ಟ ಮಗುವನ್ನು ಮುದ್ದಿನಿಂದ ಕರೆಯುವ ಮಾತು ಅದು. ಆಂಧ್ರದ ಗಡಿ ಮುಳಬಾಗಿಲು, ಶ್ರೀನಿವಾಸಪುರದ ಆಚೆಗೇ ಇರುವುದರಿಂದ ಇಲ್ಲಿನ ಮನೆಗಳಲ್ಲಿ ಎರಡೂ ಭಾಷೆ ಓಡಾಡುತ್ತವೆ. ಲೆಕ್ಕ ಕನ್ನಡದಲ್ಲಿ, ಜಗಳ ಎರಡರಲ್ಲೂ, ಮುದ್ದು ತೆಲುಗಿನಲ್ಲಿ. ನಮ್ಮ ಕಡೆ ಹಿಂದಿ, ಮರಾಠಿ, ಉರ್ದು ಕಿವಿಗೆ ಬಿದ್ದು ಅಭ್ಯಾಸ. ತೆಲುಗು ನನಗೆ ಮುಚ್ಚಿದ ಬಾಗಿಲಾಗಿತ್ತು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ಅವರು ನಮ್ಮ ಬಾಗಿಲಲ್ಲಿ ನಿಂತು, "ಏಮಿ ಬುಜ್ಜೀ, ತಿನ್ನಾವಾ?" ಎನ್ನುತ್ತಿದ್ದರು. ತಿಂದೆಯಾ ಎಂದರ್ಥ. ನಾನು ಅಲ್ಲೇ ತಟ್ಟೆ ಹಿಡಿದು ಕೂತಿರುತ್ತಿದ್ದೆ. ನನ್ನನ್ನು ಆ ಪ್ರಶ್ನೆ ಕೇಳಿದವರಿರಲಿಲ್ಲ.

ಡಿಸೆಂಬರ್ ಹೊತ್ತಿಗೆ ಸವಿತಾ ಮುನಿರತ್ನಮ್ಮನವರಿಗೆ 'ಅಮ್ಮಾಯಿ' ಆದಳು, ಹುಡುಗಿ ಎಂದರ್ಥ. ಜೇಡ ಬುಜ್ಜಿ. ನಾನು ಸಾರ್.

ಪೆಟ್ಟಿಗೆಯನ್ನು ಮುಂದಿನ ಕೋಣೆಯಲ್ಲಿಟ್ಟದ್ದು ನನ್ನದೇ ತೀರ್ಮಾನ. ಕೋಲಾರದ ಚಳಿ ನಮ್ಮ ಕಡೆಯ ಚಳಿಯಂತೆ ಒಣ ಚಳಿಯಲ್ಲ. ಬೆಳಿಗ್ಗೆ ಕಿಟಕಿಯ ಗಾಜು ಒದ್ದೆಯಾಗಿರುತ್ತದೆ. ಅಡುಗೆಮನೆಯ ಗೋಡೆಗೆ ತಾಗಿದ ಆ ಜಾಗವೇ ಬೆಚ್ಚಗಿತ್ತು. ಇದರ ಪರಿಣಾಮ ನಾನು ಊಹಿಸಿರಲಿಲ್ಲ. ಅವರೆಕಾಯಿ ಸುಲಿಯುವ ಕಾಲ ಅದು. ಅಕ್ಕಪಕ್ಕದ ಹೆಂಗಸರು ಮೊರ ಹಿಡಿದುಕೊಂಡು ಬಂದು ಪೆಟ್ಟಿಗೆಯ ಸುತ್ತ ಕೂತು, ಕಾಳು ಹಿದುಕುತ್ತ ಜೇಡ ನೋಡತೊಡಗಿದರು.

"ಹಾಲ್ ಕುಡಿಯಲ್ವಾ ಇದು?"

"ಹಾವಲ್ಲ ಕಣೇ, ಜೇಡ. ಸುಮ್ನೆ ಕೂತ್ಕ."

"ಕಚ್ಚಿದ್ರೆ?"

"ನಿನ್ನ ಕಚ್ಚಿ ಅದೇ ಸಾಯ್ತದೆ ಬಿಡು."

ನಗು. ನಾನು ಆ ನಗುವಿನ ಪಕ್ಕ ಕೂತು ಟೊಮೆಟೊ ಧಾರಣೆ ಟೈಪ್ ಮಾಡುತ್ತಿದ್ದೆ. ಹಿದುಕಿದ ಬೇಳೆಯ ಸಾರು ಸಂಜೆ ಬಟ್ಟಲಲ್ಲಿ ಬರುತ್ತಿತ್ತು. "ಬುಜ್ಜಿ ಮನೇಗ್ ಕೊಟ್ ಬಾ" ಎಂದು ಆಚೆಯಿಂದ ಕೇಳಿಸುತ್ತಿತ್ತು. ನಮ್ಮ ಮನೆಗೆ ಆ ಓಣಿಯಲ್ಲಿ ಅದೇ ವಿಳಾಸವಾಯಿತು. ಸಾರು ರುಚಿಯಾಗಿತ್ತು. ಜೋಳದ ರೊಟ್ಟಿಗೆ ಅದು ಹೊಂದುವುದಿಲ್ಲ, ಮುದ್ದೆಗೆ ಹೊಂದುತ್ತದೆ. ಮುದ್ದೆ ನುಂಗಲು ಕಲಿತೆ. ಆದರೆ ಕೋಲಾರದ ಮಾರುಕಟ್ಟೆಯಲ್ಲಿ ಮಂಡಿಯವರಿಗೆ ನನ್ನ ಪರಿಚಯ ಹೇಳಿಕೊಳ್ಳಲು ನನಗೆ ಎರಡು ತಿಂಗಳು ಹಿಡಿದಿತ್ತು. ಪೆಟ್ಟಿಗೆ ಬಿಟ್ಟು ಹೊರಗೆ ಬಾರದ ಜೇಡಕ್ಕೆ ಇಡೀ ಓಣಿಯ ಪರಿಚಯವಾಗಿತ್ತು. ಇದು ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕುವ ಅಗತ್ಯವಿಲ್ಲ.

ಮುನಿರತ್ನಮ್ಮನವರ ಗಂಡ ನಾರಾಯಣಪ್ಪ ಮಾತು ಕಡಿಮೆಯ ಮನುಷ್ಯ. ಅವರು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, "ನಮ್ಮ ಹುಳುಮನೇಗ್ ಮಾತ್ರ ಬಿಡ್ಬೇಡಿ ಸಾರ್, ಒಂದೇ ದಿನಕ್ಕೆ ಬೆಳೆ ಮುಗಿಸ್ತಾಳೆ" ಎಂದರು. ಜೇಡದ ಜೊತೆ ಅವರ ಸಂಬಂಧ ಅಷ್ಟಕ್ಕೇ ಮುಗಿಯಿತು. ನನಗೆ ಅವರು ಇಷ್ಟವಾದರು.

ಇನ್ನೊಂದು ಘಟನೆ ಫೆಬ್ರುವರಿಯದು. ಮಾರುಕಟ್ಟೆಯಿಂದ ಬೇಗ ಬಂದೆ. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಸವಿತಾ ಉದ್ದನೆಯ ಚಿಮಟದಲ್ಲಿ ಜಿರಲೆ ಹಿಡಿದು ಒಳಗೆ ಇಳಿಸುತ್ತಿದ್ದಳು. ಮುನಿರತ್ನಮ್ಮ ಅವಳ ಮೊಣಕೈ ಹಿಡಿದಿದ್ದರು.

"ಇಳ್ಸು ಅಮ್ಮಾಯಿ, ಇಳ್ಸು. ಕೈ ನಡುಗ್ಸಬೇಡ. ಹಾ, ಹಿಡ್ಕೊಂಡ್ಲು ನೋಡು!"

ಸವಿತಾ ಖುಷಿಯಿಂದ ಕೂಗಿದಳು. ನನ್ನನ್ನು ಕಂಡು, "ರೀ, ನಾನ ಹಾಕಿದೆ!" ಎಂದಳು.

ಮೂರು ವರ್ಷ ನಾನು ಹೇಳಿದರೂ ಗೋಡೆ ಬಿಡದವಳು. "ಛಲೋ ಆತು" ಎಂದು ಹೇಳಿ ಒಳಗೆ ಹೋಗಿ ಕೈಕಾಲು ತೊಳೆದೆ. ಆ ಹೊತ್ತು ನನಗೆ ಜೇಡದ ಮೇಲೆ ಹೆಚ್ಚು ಕಿಚ್ಚೋ, ಹೆಂಡತಿಯ ಮೇಲೋ, ಮುನಿರತ್ನಮ್ಮನವರ ಮೇಲೋ ಎಂದು ಯಾರಾದರೂ ಕೇಳಿದ್ದರೆ, ಮೂರೂ ಎಂದು ಹೇಳುತ್ತಿದ್ದೆ.

ಆದರೂ ಒಂದು ಗೆರೆ ಎಳೆದಿದ್ದೆ. ಟಬ್ಬಿನ ಜಿರಲೆ ಬಿಟ್ಟು ಬೇರೇನೂ ಹಾಕಬಾರದು. ರೋಗ ಬಂದು ಬೇರ್ಪಡಿಸಿದ ರೇಷ್ಮೆ ಹುಳುವನ್ನು ಮುನಿರತ್ನಮ್ಮ ತಂದರು, ಬೇಡವೆಂದೆ. ಹುಲ್ಲಿನ ಮಿಡತೆ ತಂದರು. ತೋಟಗಳಿಗೆ ಔಷಧಿ ಹೊಡೆದಿರುತ್ತಾರೆ, ಬೇಡವೆಂದೆ. "ಔಷ್ದಿ ಹೊಡ್ದಿರೋ ಕಡೆ ನಾನ್ಯಾಕ್ ಹಿಡೀಲಿ ಸಾರ್? ನಮ್ಮ ಸೊಪ್ಪಿನ ತೋಟದ್ದು ಇದು. ನಮ್ಮ ಹುಳಕ್ಕೇ ಹೊಡಿಯಲ್ಲ, ಅವಳಿಗೆ ಹೊಡೀತೀನಾ?" ಎಂದು ಮಿಡತೆಯನ್ನು ಕೋಳಿಗೆ ಹಾಕಿದರು.

ಮೇ ಕೊನೆಗೆ ಜೇಡ ಊಟ ಬಿಟ್ಟಿತು. ಹೊಟ್ಟೆಯ ಬಣ್ಣ ಕಪ್ಪಾಯಿತು. ನೆಲದ ಮೇಲೆ ಬಿಳಿಯ ಬಲೆ ಹಾಸಿತು. ಮೈ ಕಳಚುವ ಲಕ್ಷಣ. ಅದೇ ವಾರ ವಿಜಯಪುರದ ಕಚೇರಿಯಿಂದ ಫೋನ್ ಬಂತು. ಅಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಮಳೆಗಾಲ ಮುಗಿಯುವುದರೊಳಗೆ ಬರುತ್ತೀಯಾ ಎಂದು ಕೇಳಿದರು. ಸವಿತಾ ಮಾಲೂರಿನ ಕೆಲಸ ಬಿಡುವುದಿಲ್ಲ ಎಂದಳು. "ನೀವು ಹೋಗ್ರಿ, ನಾ ತಿಂಗಳಿಗೊಮ್ಮೆ ಬರ್ತೀನಿ. ಆದ್ರ ಅದನ್ನ ಒಯ್ತೀರೋ ಬಿಡ್ತೀರೋ, ಅದನ್ನ ಹೇಳ್ರಿ."

ಒಯ್ಯುತ್ತೇನೆ ಎಂದೆ. ಅದು ನನ್ನದು. ಮೈ ಕಳಚಿ, ಗಟ್ಟಿಯಾಗಿ, ಒಂದು ಊಟ ಮಾಡಿದರೆ ರೈಲು ಪ್ರಯಾಣ ತಡೆದುಕೊಳ್ಳುತ್ತದೆ. ಅಲ್ಲಿಯವರೆಗೆ ಅಲುಗಾಡಿಸುವಂತಿಲ್ಲ. ಮುನಿರತ್ನಮ್ಮನವರಿಗೂ ಇದನ್ನು ತಿಳಿಸಿದೆ. ಅವರು, "ಜ್ವರ ಏಳೋಗಂಟ ಯಾರೂ ಮುಟ್ಬಾರ್ದು. ಅದ್ ಗೊತ್ತು ಸಾರ್ ನಂಗೆ" ಎಂದರು. ಅವತ್ತಿನಿಂದ ನಮ್ಮ ಕೋಣೆಯ ಹತ್ತಿರ ಮೆಣಸಿನಕಾಯಿ ಹುರಿಯುವುದನ್ನೂ ನಿಲ್ಲಿಸಿದರು. ಓಣಿಯ ಹೆಂಗಸರನ್ನು ಬಾಗಿಲಿಂದಲೇ ಕಳಿಸಿದರು.

ಜೂನ್‌ನಲ್ಲಿ ಶ್ರೀನಿವಾಸಪುರದ ಮಾವಿನ ಸುಗ್ಗಿ. ಮಂಡಿಗಳ ಸುದ್ದಿಗೆ ನಾನು ಅಲ್ಲಿಗೆ ಹೋಗಿದ್ದೆ. ಮಧ್ಯಾಹ್ನ ಸವಿತಾಳ ಫೋನ್ ಬಂತು. ಅವಳಿಗೆ ಅಂದು ರಜೆ. ಜೇಡ ಬೆನ್ನ ಮೇಲೆ ಮಲಗಿದೆ, ಕಾಲುಗಳು ಮೇಲಿವೆ ಎಂದಳು. ಹೊಸಬರು ನೋಡಿದರೆ ಸತ್ತಿದೆ ಎಂದುಕೊಳ್ಳುವ ಸ್ಥಿತಿ ಅದು. "ಮುಟ್ಟಬ್ಯಾಡ್ರಿ. ಉಸಿರು ಸೈತ ಬಿಡಬ್ಯಾಡ್ರಿ ಅದರ ಮ್ಯಾಲ" ಎಂದೆ. ಆಮೇಲೆ ಅವಳು ಕಳಿಸಿದ ವಿಡಿಯೊಗಳು ಒಂದೊಂದಾಗಿ ಬಂದವು. ಹಳೆಯ ಮೈಯಿಂದ ಹೊಸ ಕಾಲುಗಳು ಕೈಗವಸಿನಿಂದ ಬೆರಳು ಬಂದಂತೆ ಬರುತ್ತಿದ್ದವು. ಹಿನ್ನೆಲೆಯಲ್ಲಿ ಮುನಿರತ್ನಮ್ಮನವರ ಪಿಸುಮಾತು: "ಅಯ್ಯೋ ನಾ ತಲ್ಲಿ. ನಿಧಾನ, ನಿಧಾನ." ನನ್ನ ತಾಯಿ ಎಂದರ್ಥ.

ವಿಜಯಪುರದಲ್ಲಿ ಆರು ವರ್ಷ ಪ್ರತಿಸಲವೂ ನಾನು ಕಚೇರಿಯಿಂದ ಬರುವಷ್ಟರಲ್ಲಿ ಬರೀ ಸಿಪ್ಪೆ ಉಳಿದಿರುತ್ತಿತ್ತು. ನಾನು ಒಮ್ಮೆಯೂ ನೋಡಿರಲಿಲ್ಲ. ಈಗಲೂ ತೋತಾಪುರಿ ಲಾರಿಗಳ ನಡುವೆ ನಿಂತು ಫೋನಿನಲ್ಲಿ ನೋಡಿದೆ.

ಬಸ್ ಹಿಡಿದು ಸಂಜೆ ಮನೆಗೆ ಬಂದಾಗ ಸವಿತಾ ಬಾಗಿಲಲ್ಲೇ ನಿಂತಿದ್ದಳು. ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿಯಿತು. ನಡೆದದ್ದು ಇಷ್ಟು. ಜೇಡ ಮಗುಚಿ ಎದ್ದು ನಿಂತಿತು. ಸವಿತಾ ಸ್ನಾನಕ್ಕೆ ಹೋದಳು. ಜ್ವರದಿಂದ ಎದ್ದ ಹುಳುವಿಗೆ ತಡಮಾಡದೆ ಮೇವು ಕೊಡಬೇಕು ಎಂಬುದು ಮುನಿರತ್ನಮ್ಮನವರ ಇಡೀ ಬದುಕಿನ ಪಾಠ. ಅವರು ತೋಟಕ್ಕೆ ಓಡಿ ಎಳೆಯ, ದಪ್ಪನೆಯ ಮಿಡತೆ ಹಿಡಿದು ತಂದು ಹಾಕಿದರು. ಆದರೆ ಮೈ ಕಳಚಿದ ಟರಂಟುಲಾಗೆ ಹಲ್ಲು ಬಿಳಿಯಾಗಿ ಮೆತ್ತಗಿರುತ್ತದೆ. ಅದು ಕಪ್ಪಾಗಿ ಗಟ್ಟಿಯಾಗಲು ಎರಡು ವಾರ ಬೇಕು. ಅಲ್ಲಿಯವರೆಗೆ ಮೇವೇ ಅದನ್ನು ಕಚ್ಚಬಹುದು. ಮಿಡತೆ ಕಚ್ಚಿತ್ತು. ಎಡಗಡೆಯ ಎರಡನೇ ಕಾಲಿನ ಕೀಲಿನಿಂದ ನೀರಿನಂಥ, ತುಸು ನೀಲಿಯ ರಕ್ತ ಹನಿಯುತ್ತಿತ್ತು.

ಮುನಿರತ್ನಮ್ಮ ಸುಣ್ಣದ ಪುಡಿಯ ಡಬ್ಬಿ ಹಿಡಿದು ನಿಂತಿದ್ದರು. ಹುಳುಮನೆಯಲ್ಲಿ ಅದೇ ಔಷಧಿ.

"ಅದು ಬ್ಯಾಡ್ರಿ!" ಎಂದು ಕೂಗಿದೆ. "ಮೈದಾ ಐತೇನು? ಮೈದಾ ತರ್ರಿ."

ಅವರು ಓಡಿ ತಂದರು. ಕುಂಚದ ತುದಿಯಲ್ಲಿ ಹಿಟ್ಟು ತೆಗೆದು ಕೀಲಿಗೆ ಒತ್ತಿದೆ. ಎರಡು ಸಲ ಕೊಚ್ಚಿಹೋಯಿತು. ಮೂರನೇ ಸಲ ರಕ್ತ ನಿಂತಿತು. ಬೆಳಗಾಗುವಷ್ಟರಲ್ಲಿ ಜೇಡ ಆ ಕಾಲನ್ನೇ ಬುಡದಿಂದ ಕಳಚಿ ಹಾಕಿತ್ತು.

ಅವತ್ತು ಸಂಜೆ ನಾನು ಆಡಿದ ಮಾತನ್ನೂ ವರದಿ ಮಾಡಬೇಕು. "ಇದು ನಿಮ್ಮ ಹುಳ ಅಲ್ರಿ. ಇನ್ನ ಮ್ಯಾಲ ಇದರ ಹತ್ರ ಬರಬ್ಯಾಡ್ರಿ" ಎಂದೆ.

ಮುನಿರತ್ನಮ್ಮ ಮೈದಾ ಡಬ್ಬಿಯ ಮುಚ್ಚಳ ಹಾಕಿಕೊಂಡು ಹೋದರು.

ಮರುದಿನದಿಂದ ಅವರು ನಮಗೆ ಕೊಡುವ ಹಾಲಿನ ಚೊಂಬು ಬಾಗಿಲ ಹೊರಗೆ ಇರುತ್ತಿತ್ತು. ಬೆಳಗಿನ ತೆಲುಗು ನಿಂತಿತು. ಓಣಿಯವರೂ ಬರಲಿಲ್ಲ. ಆರು ವರ್ಷ ವಿಜಯಪುರದಲ್ಲಿದ್ದಂತೆ ಜೇಡ ಮತ್ತೆ ನನ್ನೊಬ್ಬನದಾಯಿತು. ನನಗೆ ಬೇಕಾಗಿದ್ದದ್ದು ಅದೇ. ಎರಡು ವಾರ ಕಳೆದು ಹಲ್ಲು ಕಪ್ಪಾದ ಮೇಲೆ ಜಿರಲೆ ಹಾಕಿದೆ. ಜೇಡ ಹಿಂದೆ ಸರಿಯಿತು. ಮೂರು ದಿನ ಬಿಟ್ಟು ಮತ್ತೆ ಹಾಕಿದೆ. ಮುಂಗಾಲು ಎತ್ತಿ ಹೆದರಿಸಿ ಮೂಲೆಗೆ ಹೋಯಿತು. ಇನ್ನೂ ಒಂದು ವಾರ ಹಾಗೇ ನಡೆಯಿತು. ಈ ಸ್ಥಿತಿಯಲ್ಲಿ ಊಟ ಮಾಡದಿದ್ದರೆ ಉಳಿಯುವುದು ಕಷ್ಟ. ಪ್ರಯಾಣದ ಮಾತೇ ಇಲ್ಲ.

"ದಿನಕ್ಕ ಎಷ್ಟ ಸಲ ಮುಚ್ಚಳ ತಗೀತೀರಿ ನೀವು?" ಎಂದು ಸವಿತಾ ಕೇಳಿದಳು.

"ನೋಡಬೇಕಲ್ಲ."

"ನೋಡ್ರಿ. ನೀವ ಒಬ್ರ ನೋಡ್ರಿ. ನನಗ ಅಲ್ಲೆ ಆಸ್ಪತ್ರ್ಯಾಗ ಮಂದಿ ಅದಾರ. ಮನೀಗೆ ಬಂದ್ರ ಮಾತಾಡ್ಸೋ ಒಬ್ಬ ಹೆಣ್ಣಮಗಳನ್ನೂ ಓಡಿಸಿ ಕುಂತೀರಿ. ಅದೂ ಉಣ್ಣವಲ್ದು, ನೀವೂ ಉಣ್ಣವಲ್ರಿ. ಯಾರ ಕೂಡ ನಿಮ್ಮ ಜಿದ್ದು?"

ಸವಿತಾ ಪೆಟ್ಟಿಗೆಯನ್ನೂ ಜಿರಲೆಯ ಟಬ್ಬನ್ನೂ ಎತ್ತಿಕೊಂಡು ಹೋಗಿ, ನಮ್ಮ ಮನೆಗೂ ಮಾಲೀಕರ ಮನೆಗೂ ನಡುವೆ ಇರುವ ರಾಗಿ ಮೂಟೆಯ ಕೋಣೆಯಲ್ಲಿಟ್ಟಳು. ಆ ಕೋಣೆಗೆ ಎರಡೂ ಕಡೆಯಿಂದ ಬಾಗಿಲಿದೆ. ಅಲ್ಲಿ ಬೆಳಕು ಕಡಿಮೆ, ಓಡಾಟ ಕಡಿಮೆ. ಎರಡು ದಿನ ಯಾರೂ ಬಾಗಿಲು ತೆಗೆಯಬಾರದು ಎಂದು ನನಗೆ ಹೇಳಿದಳು. ಆಚೆ ಹೋಗಿ ಮುನಿರತ್ನಮ್ಮನವರಿಗೂ ಹೇಳಿದಳಂತೆ.

ಮೊದಲನೇ ದಿನ ನಾನು ಮುಳಬಾಗಿಲಿಗೆ ಒಂದು ಸುದ್ದಿಗೆ ಹೋಗಿ ಬಂದೆ. ಎರಡನೇ ದಿನ ಸವಿತಾ ಮಾಲೂರಿನ ಬಸ್ ಹತ್ತಿದ ಮೇಲೆ ನಮ್ಮ ಕಡೆಯ ಬಾಗಿಲು ತೆಗೆದು, ಪೆಟ್ಟಿಗೆಯ ಮುಚ್ಚಳ ಸರಿಸಿ, ಒಂದು ಜಿರಲೆ ಬಿಟ್ಟು ಬಂದೆ.

ಕಳೆದ ಶನಿವಾರ ಬೆಳಿಗ್ಗೆ ಸವಿತಾ ಕೋಣೆಯ ನಮ್ಮ ಬಾಗಿಲು ತೆರೆದಳು. ಅದೇ ಹೊತ್ತಿಗೆ ಮುನಿರತ್ನಮ್ಮ ಆಚೆಯ ಬಾಗಿಲಲ್ಲಿ ನಿಂತಿದ್ದರು. ಜೇಡದ ಮುಂದೆ ತಿಂದು ಉಳಿದ ರೆಕ್ಕೆ, ಕಾಲುಗಳ ಉಂಡೆ ಬಿದ್ದಿತ್ತು. ಅದರ ಹೊಟ್ಟೆ ದುಂಡಗಾಗಿತ್ತು. ನೀರಿನ ತಟ್ಟೆಯ ಪಕ್ಕ ಇನ್ನೊಂದು ಜಿರಲೆ ಜೀವಂತ ಓಡಾಡುತ್ತಿತ್ತು.

ಸವಿತಾ ನನ್ನನ್ನು ನೋಡಿದಳು. ಆಮೇಲೆ ಅವರನ್ನು ನೋಡಿದಳು.

"ಟಬ್ಬಿಂದೇ ತಗೊಂಡಿದ್ದು ಕಣಮ್ಮಾಯಿ, ಮಿಡ್ತೆ ಅಲ್ಲ" ಎಂದರು ಮುನಿರತ್ನಮ್ಮ. "ನೆನ್ನೆ ಹಾಲ್ ಹಾಕ್ಬಂದು ಒಂದೇ ಒಂದು ಬಿಟ್ಟೆ. ದಪ್ಪಂದು. ಅದನ್ನೇ ತಿಂದವ್ಳೆ."

"ನಾ ಹಾಕಿದ್ದೂ ದಪ್ಪಂದ ಇತ್ತು" ಎಂದೆ.

"ನಿಮ್ದು ಅದು ಸಾರ್, ಓಡಾಡ್ತಾ ಐತಲ್ಲ."

"ಅಲ್ರಿ, ಓಡಾಡೋದ ನಿಮ್ದು."

ವಿಜಯಪುರದ ಕಚೇರಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಕೊಡಲು ಅವರು ಹೇಳಿದ ಗಡುವು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಪೆಟ್ಟಿಗೆ ರಾಗಿ ಮೂಟೆಯ ಕೋಣೆಯಲ್ಲೇ ಇದೆ. ಉಳಿದ ಜಿರಲೆಯನ್ನು ಸವಿತಾ ಚಿಮಟದಲ್ಲಿ ಹಿಡಿದು ಟಬ್ಬಿಗೆ, ಉಳಿದವುಗಳ ನಡುವೆ, ವಾಪಸ್ ಬಿಟ್ಟಳು.